ಮೆಜೆಸ್ಟಿಕ್ ಅಂದರೆ ಬಸ್ ಸ್ಟ್ಯಾಂಡ್ ಮಾತ್ರ ಅಲ್ಲ: ಒಂದು ಇಂಗ್ಲಿಷ್ ಪದವನ್ನು ಸರಿಯಾಗಿ ಬಳಸುವ ಬಗೆ

ಅಕ್ಕನ ಮಗಳು ಏಳನೇ ಕ್ಲಾಸು. ಒಂದು ಸಂಜೆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಳು. ಪಾಠದಲ್ಲಿ ಹಿಮಾಲಯದ ಬಗ್ಗೆ ಒಂದು ಸಾಲು ಇತ್ತು. ಅದರಲ್ಲಿ "ಮೆಜೆಸ್ಟಿಕ್ ಮೌಂಟನ್ಸ್" ಅಂತ ಬರೆದಿತ್ತು. "ಮಾಮ, ಹಿಮಾಲಯದಲ್ಲೂ ಮೆಜೆಸ್ಟಿಕ್ ಇದೆಯಾ?" ಅಂತ ಕೇಳಿದಳು. ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ತಪ್ಪು ಅವಳದಲ್ಲ. ಬೆಂಗಳೂರಲ್ಲಿ ಬೆಳೆಯುವ ಮಗು ಈ ಪದವನ್ನು ಮೊದಲು ಕೇಳುವುದು ಬಸ್ ಕಂಡಕ್ಟರ್ ಬಾಯಲ್ಲಿ. ಬಾಗಿಲಲ್ಲಿ ನೇತಾಡುತ್ತಾ ಅವನು "ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್" ಅಂತ ಒಂದೇ ಉಸಿರಲ್ಲಿ ಕೂಗುತ್ತಾನೆ. ಅದೊಂದು ಜಾಗದ ಹೆಸರು ಅಷ್ಟೇ. ಅದಕ್ಕೆ ಭವ್ಯ, ರಾಜಗಾಂಭೀರ್ಯದ್ದು ಅನ್ನುವ ಅರ್ಥ ಇದೆ ಅಂತ ಯಾರಿಗೆ ಹೊಳೆಯುತ್ತದೆ?

ನನಗೂ ಬಹಳ ವರ್ಷ ಹೊಳೆದಿರಲಿಲ್ಲ. ಹೊಳೆದ ಮೇಲೂ ತಪ್ಪಾಗಿ ಬಳಸಿ ನಗೆಪಾಟಲಾಗಿದ್ದೇನೆ. ಮೊದಲ ಕೆಲಸಕ್ಕೆ ಅರ್ಜಿ ಬರೆಯುವಾಗ, ದೊಡ್ಡ ಪದ ಹಾಕಿದರೆ ಕೆಲಸ ಗ್ಯಾರಂಟಿ ಅಂತ ನಂಬಿ, "ಯುವರ್ ಮೆಜೆಸ್ಟಿಕ್ ಕಂಪನಿ" ಅಂತ ಬರೆದಿದ್ದೆ. ಸಂದರ್ಶನಕ್ಕೆ ಕೂತವರು ಆ ಸಾಲಿಗೆ ಬೆರಳಿಟ್ಟು, "ಎರಡು ರೂಮಿನ ಆಫೀಸು ಕಣ್ರೀ ನಮ್ಮದು, ಸಿಂಹಾಸನ ಎಲ್ಲಿದೆ ಅಂತ ಹುಡುಕ್ತಾ ಇದ್ದೀನಿ" ಅಂದರು. ಅಲ್ಲಿ ಬರಬೇಕಾಗಿದ್ದ ಪದ "ಎಸ್ಟೀಮ್ಡ್". ಗೌರವಾನ್ವಿತ ಅನ್ನುವ ಅರ್ಥದ್ದು. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಹಾಗಾಗಿ ಈ ಒಂದೇ ಪದವನ್ನು ಹಿಡಿದು ಕೂರೋಣ. ಹಿಡಿತಕ್ಕೆ ಬಂದರೆ ಗ್ರ್ಯಾಂಡ್, ಮ್ಯಾಗ್ನಿಫಿಸೆಂಟ್, ಸ್ಪ್ಲೆಂಡಿಡ್ ಅಂತ ಅದರ ಅಕ್ಕಪಕ್ಕ ಇರುವ ಪದಗಳೂ ತಾವಾಗಿಯೇ ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಹೆಜ್ಜೆ 1: ಪದದ ಮನೆತನ ತಿಳಿದುಕೊಳ್ಳಿ

ಮೆಜೆಸ್ಟಿಕ್ ಅನ್ನುವುದು ಮೆಜೆಸ್ಟಿ ಅನ್ನುವ ನಾಮಪದದಿಂದ ಹುಟ್ಟಿದ ವಿಶೇಷಣ. ಮೆಜೆಸ್ಟಿ ಬಂದದ್ದು ಫ್ರೆಂಚ್ ದಾರಿಯಾಗಿ, ಲ್ಯಾಟಿನ್ನಿನ ಮಾಯೆಸ್ತಾಸ್ ಅನ್ನುವ ಪದದಿಂದ. ಮಾಯೆಸ್ತಾಸ್ ಅಂದರೆ ದೊಡ್ಡತನ, ಹಿರಿಮೆ. ಲ್ಯಾಟಿನ್ನಿನಲ್ಲಿ ಮಾಗ್ನುಸ್ ಅಂದರೆ ದೊಡ್ಡದು, ಮಾಯೋರ್ ಅಂದರೆ ಅದಕ್ಕಿಂತ ದೊಡ್ಡದು. ಮೇಜರ್, ಮೆಜಾರಿಟಿ, ಮೇಯರ್ ಎಲ್ಲ ಈ ಮಾಯೋರ್ ಮನೆಯವೇ. ಮ್ಯಾಗ್ನಿಫಿಸೆಂಟ್ ಬಂದದ್ದು ಮಾಗ್ನುಸ್ ಕಡೆಯಿಂದ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ನಮ್ಮ ಮನೆಯೇ ಬರುತ್ತದೆ. ಲ್ಯಾಟಿನ್ನಿನ ಮಾಗ್ನುಸ್, ಗ್ರೀಕಿನ ಮೆಗಾಸ್, ಸಂಸ್ಕೃತದ ಮಹತ್ ಮೂರೂ ಒಂದೇ ಬೇರಿನವು. ನಾವು ದಿನಾ ಹೇಳುವ ಮಹಾ, ಮಹಿಮೆ, ಮಹಾರಾಜ ಇವೆಲ್ಲ ದೂರದ ದಾಯಾದಿಗಳು. ಮೆಜೆಸ್ಟಿ ಅಂದರೆ ಏನು ಅಂತ ಅಜ್ಜಿಗೆ ಹೇಳಬೇಕಾಗಿ ಬಂದರೆ "ಮಹಿಮೆ" ಅಂದುಬಿಡಿ. ಅರ್ಥವೂ ಹತ್ತಿರ, ನೆಂಟಸ್ತನವೂ ಇದೆ.

ಮೆಜೆಸ್ಟಿ ಅನ್ನುವುದು ರಾಜರ ಬಿರುದು ಕೂಡ. "ಯುವರ್ ಮೆಜೆಸ್ಟಿ" ಅಂತ ಎದುರಿಗೆ ನಿಂತು ಕರೆಯುವುದು, "ಹಿಸ್ ಮೆಜೆಸ್ಟಿ" ಅಂತ ಅವರ ಬಗ್ಗೆ ಹೇಳುವುದು. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಎಂಟನೇ ಹೆನ್ರಿಯ ಕಾಲದಲ್ಲಿ ಈ ಬಿರುದು ಚೆನ್ನಾಗಿ ರೂಢಿಗೆ ಬಂತು. ಈಗಲೂ ಅಲ್ಲಿದೆ. ಲಂಡನ್ನಿನಲ್ಲಿ ಕೆಲಸ ಮಾಡುವ ನಮ್ಮವರು ತೆರಿಗೆ ಕಟ್ಟುವ ಇಲಾಖೆಯ ಹೆಸರೇ "ಹಿಸ್ ಮೆಜೆಸ್ಟೀಸ್ ರೆವೆನ್ಯೂ ಅಂಡ್ ಕಸ್ಟಮ್ಸ್". 2022ರ ಸೆಪ್ಟೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ತೀರಿಕೊಳ್ಳುವವರೆಗೆ ಅದು "ಹರ್ ಮೆಜೆಸ್ಟೀಸ್" ಆಗಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಬ್ರಿಟಿಷರ ಕಾಲದಲ್ಲಿ ಮೈಸೂರು ಮಹಾರಾಜರನ್ನು ಇಂಗ್ಲಿಷಿನಲ್ಲಿ "ಹಿಸ್ ಹೈನೆಸ್" ಅಂತ ಬರೆಯುತ್ತಿದ್ದರು, "ಹಿಸ್ ಮೆಜೆಸ್ಟಿ" ಅಂತ ಅಲ್ಲ. 21 ಕುಶಾಲತೋಪಿನ ಗೌರವ ಇದ್ದ ಐದೇ ಸಂಸ್ಥಾನಗಳಲ್ಲಿ ಮೈಸೂರು ಒಂದು. ಆದರೂ ಹೈನೆಸ್ಸೇ. ಹೈದರಾಬಾದಿನ ನಿಜಾಮರಿಗೆ "ಹಿಸ್ ಎಕ್ಸಾಲ್ಟೆಡ್ ಹೈನೆಸ್" ಅಂತ ಒಂದು ಮೆಟ್ಟಿಲು ಮೇಲೆ ಹಾಕಿಕೊಟ್ಟರು, ಆದರೆ ಮೆಜೆಸ್ಟಿ ಕೊಡಲಿಲ್ಲ. ಮೆಜೆಸ್ಟಿ ಅನ್ನುವುದು ಲಂಡನ್ನಿನಲ್ಲಿ ಕೂತ ಚಕ್ರವರ್ತಿಗೆ ಮಾತ್ರ ಮೀಸಲು. ಈ ಜಿಪುಣತನ ನೆನಪಿರಲಿ. ಇಂಗ್ಲಿಷ್ ತನ್ನ ರಾಜರಿಗೆ ಬಿರುದು ಕೊಡುವಾಗ ಎಷ್ಟು ಕೈ ಬಿಗಿ ಹಿಡಿಯಿತೋ, ವಿಶೇಷಣವನ್ನು ಬಳಸುವಾಗ ನಾವೂ ಸುಮಾರಾಗಿ ಅಷ್ಟೇ ಬಿಗಿ ಹಿಡಿಯಬೇಕು.

ಹೆಜ್ಜೆ 2: ಬಾಯಿಗೆ ಕೂರಿಸಿ, ಕಾಗದಕ್ಕೆ ಇಳಿಸಿ

ನಾವು "ಮೆ-ಜೆ-ಸ್ಟಿಕ್" ಅಂತ ಮೂರೂ ಕಡೆ ಒಂದೇ ತೂಕ ಹಾಕುತ್ತೇವೆ. ಕನ್ನಡದ ಲಯ ಹಾಗೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಹಗುರ, ಹೆಚ್ಚೂಕಡಿಮೆ "ಮ" ಅನ್ನುವಷ್ಟೇ. ಒತ್ತೆಲ್ಲ ನಡುವಿನ "ಜೆಸ್" ಮೇಲೆ. ಮ-ಜೆಸ್-ಟಿಕ್. ಆದರೆ ಮೆಜೆಸ್ಟಿ ಅನ್ನುವಾಗ ಒತ್ತು ಮೊದಲಿಗೇ ಬರುತ್ತದೆ: ಮ್ಯಾ-ಜೆಸ್ಟಿ. ಇದೇನು ವಿಚಿತ್ರ ಅಂದುಕೊಳ್ಳಬೇಡಿ, ಇದಕ್ಕೊಂದು ನಿಯಮ ಇದೆ. ಕೊನೆಗೆ "ಇಕ್" ಬಂದರೆ ಅದು ಒತ್ತನ್ನು ತನ್ನ ಹಿಂದಿನ ಅಕ್ಷರಕ್ಕೆ ಎಳೆದುಕೊಳ್ಳುತ್ತದೆ. ಹಿಸ್ಟರಿಯಲ್ಲಿ ಒತ್ತು ಮೊದಲಿಗೆ, ಹಿಸ್ಟಾರಿಕ್‌ನಲ್ಲಿ ನಡುವಿಗೆ. ಡ್ರಾಮಾ, ಡ್ರಮ್ಯಾಟಿಕ್ ಕೂಡ ಹಾಗೇ. ನಾಲ್ಕು ಸಲ ಜೋರಾಗಿ ಹೇಳಿ ನೋಡಿ, ಕಿವಿಗೆ ಗೊತ್ತಾಗಿಬಿಡುತ್ತದೆ.

ಬರೆಯುವಾಗ ಬಹಳ ಜನ ಮುಗ್ಗರಿಸುವುದು ನಡುವಿನ ಅಕ್ಷರದಲ್ಲಿ. ಅಲ್ಲಿ ಬರಬೇಕಾದದ್ದು ಜೆ, ಜಿ ಅಲ್ಲ. ಮ್ಯಾಜಿಕ್, ಮ್ಯಾಜಿಸ್ಟ್ರೇಟ್ ಪದಗಳಲ್ಲಿ ಜಿ ಇರುವುದರಿಂದ ಕೈ ತಪ್ಪುತ್ತದೆ. ಮೇಲೆ ಹೇಳಿದ ಮನೆತನ ಇಲ್ಲಿ ಕೈ ಹಿಡಿಯುತ್ತದೆ. ಮೇಜರ್, ಮೆಜಾರಿಟಿ, ಮೆಜೆಸ್ಟಿಕ್ ಮೂರರಲ್ಲೂ ಜೆ.

ಹೆಜ್ಜೆ 3: ಮೂರು ಗುಣ ಇದೆಯಾ ನೋಡಿ

ಇಡೀ ಲೇಖನದ ತಿರುಳು ಇದೇ. ಒಂದು ವಸ್ತು ಮೆಜೆಸ್ಟಿಕ್ ಅನ್ನಿಸಿಕೊಳ್ಳಬೇಕಾದರೆ ಅದು ದೊಡ್ಡದಾಗಿರಬೇಕು. ಅವಸರ ಇಲ್ಲದೆ ಇರಬೇಕು. ಮೂರನೆಯದು ನೋಡುವವರಿಗೆ ಸಂಬಂಧಪಟ್ಟದ್ದು: ನೋಡಿದ ತಕ್ಷಣ ಬಾಯಿ ತಾನಾಗಿ ಮುಚ್ಚಬೇಕು.

ಬರೀ ದೊಡ್ಡದಾದರೆ ಸಾಲದು. ಹದಿನಾಲ್ಕು ಚಕ್ರದ ಲಾರಿ ದೊಡ್ಡದೇ. ಅದನ್ನು ಯಾರೂ ಮೆಜೆಸ್ಟಿಕ್ ಅನ್ನುವುದಿಲ್ಲ. ಎರಡನೇ ಗುಣ, ಅಂದರೆ ಆ ನೆಮ್ಮದಿ, ಆ ಗತ್ತು, ನಮ್ಮವರು ಮರೆಯುವುದು ಅದನ್ನೇ.

ಜೋಗಕ್ಕೆ ಹೋಗಿ ಬರೋಣ. ಶರಾವತಿ ಅಲ್ಲಿ 253 ಮೀಟರ್ ಆಳಕ್ಕೆ ಬೀಳುತ್ತಾಳೆ, ನಾಲ್ಕು ಕವಲಾಗಿ. ಯಾರು ಹೆಸರಿಟ್ಟರೋ, ವಿಶೇಷಣಗಳ ಪಾಠವನ್ನೇ ಮಾಡಿಬಿಟ್ಟಿದ್ದಾರೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ಅದಕ್ಕೆ ಸ್ಪೆಕ್ಟ್ಯಾಕ್ಯುಲರ್ ಅನ್ನಬಹುದು, ಕಣ್ಣಿಗೆ ಹಬ್ಬ ಅನ್ನುವ ಅರ್ಥದಲ್ಲಿ. ರೋರರ್ ಬಂಡೆಗೆ ಬಡಿದು ಗದ್ದಲ ಎಬ್ಬಿಸುತ್ತದೆ. ಅದು ಥಂಡರಸ್, ಗುಡುಗಿನಂಥದ್ದು. ರಾಣಿ ಬಂಡೆಯ ಮೇಲೆ ನೊರೆನೊರೆಯಾಗಿ ಹರಡಿಕೊಂಡು ಇಳಿಯುತ್ತಾಳೆ. ಅದು ಗ್ರೇಸ್‌ಫುಲ್, ಬೆಡಗಿನದು. ಇನ್ನು ರಾಜ. ಆತುರ ಇಲ್ಲ, ಆರ್ಭಟ ಇಲ್ಲ. ಅಂಚಿನಿಂದ ಕಾಲು ತೆಗೆದು ಒಂದೇ ಕಂಬವಾಗಿ ಇಳಿದುಬಿಡುತ್ತಾನೆ. ಅದು ಮೆಜೆಸ್ಟಿಕ್. ಒಂದೇ ನದಿ, ಒಂದೇ ಬಂಡೆ, ಒಂದೇ ಎತ್ತರ. ಆದರೂ ಪದ ಬೇರೆ ಬೇರೆ. ಯಾಕೆಂದರೆ ಬೀಳುವ ರೀತಿ ಬೇರೆ.

ಇನ್ನೊಂದು ಮಾತು. ಇದನ್ನೆಲ್ಲ ಜುಲೈ ಆಗಸ್ಟಿನಲ್ಲಿ ಹೋಗಿ ನೋಡಿ. ಮೇಲೆ ಲಿಂಗನಮಕ್ಕಿಯಲ್ಲಿ 1964ರಿಂದ ನೀರು ಕಟ್ಟಿಹಾಕಿದ್ದಾರೆ. ಏಪ್ರಿಲ್ಲಿನಲ್ಲಿ ಹೋದರೆ ಬಂಡೆಯ ಮೇಲೆ ನಾಲ್ಕು ದಾರ ಇಳಿಬಿಟ್ಟಂತೆ ಕಾಣುತ್ತದೆ. ಆಗ ಯಾವ ವಿಶೇಷಣವೂ ಬೇಡ, ಮೆಣಸಿನಕಾಯಿ ಬಜ್ಜಿ ತಿಂದು ವಾಪಸ್ ಬನ್ನಿ.

ಆನೆಯನ್ನು ನೋಡಿದರೂ ಇದೇ ಗೊತ್ತಾಗುತ್ತದೆ. ದಸರೆಯ ಜಂಬೂ ಸವಾರಿಯಲ್ಲಿ ಆನೆಯ ಬೆನ್ನ ಮೇಲೆ ಸುಮಾರು 750 ಕೆಜಿಯ ಅಂಬಾರಿ ಇರುತ್ತದೆ. ಸುತ್ತ ಬ್ಯಾಂಡು, ತಮಟೆ, ಶಿಳ್ಳೆ, ಲಕ್ಷಾಂತರ ಜನ. ಆನೆ ಮಾತ್ರ ಯಾರನ್ನೂ ಲೆಕ್ಕಕ್ಕೇ ಇಟ್ಟುಕೊಳ್ಳದೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ. ಆ ನಡಿಗೆಗೆ ಇಂಗ್ಲಿಷಿನಲ್ಲಿ "ಮೆಜೆಸ್ಟಿಕ್ ಗೇಟ್" ಅನ್ನುತ್ತಾರೆ. ಗೇಟ್ ಅಂದರೆ ಇಲ್ಲಿ ನಡಿಗೆ, ಬಾಗಿಲಲ್ಲ. ಮೆರವಣಿಗೆಯನ್ನು ಒಟ್ಟಾಗಿ ಹೇಳಬೇಕಾದರೆ ಮಾತ್ರ ಗ್ರ್ಯಾಂಡ್ ಪ್ರೊಸೆಷನ್. ಮೆರವಣಿಗೆ ಗ್ರ್ಯಾಂಡ್, ಅದರೊಳಗಿನ ಆನೆ ಮೆಜೆಸ್ಟಿಕ್.

ಹೆಜ್ಜೆ 4: ಅದ್ದೂರಿ ಹಾಕಿ ನೋಡಿ, ಗಂಭೀರ ಹಾಕಿ ನೋಡಿ

ನಮಗೆ ಗೊಂದಲ ಆಗುವುದು ಯಾಕೆ ಗೊತ್ತಾ? ಕನ್ನಡದಲ್ಲಿ "ಭವ್ಯ" ಅನ್ನುವ ಒಂದು ಪದ ಇದೆ. ಪೇಪರಿನವರು ಅದನ್ನು ಎಲ್ಲ ಕಡೆ ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. ಭವ್ಯ ಸ್ವಾಗತ, ಭವ್ಯ ಮೆರವಣಿಗೆ, ಭವ್ಯ ಕಟ್ಟಡ, ಭವ್ಯ ಪರ್ವತ. ಇಂಗ್ಲಿಷಿಗೆ ಹೋಗುವಾಗ ಈ ಭವ್ಯ ಎರಡಾಗಿ ಒಡೆಯುತ್ತದೆ. ಒಂದು ಗ್ರ್ಯಾಂಡ್, ಇನ್ನೊಂದು ಮೆಜೆಸ್ಟಿಕ್. ಯಾವಾಗ ಯಾವುದು?

ನನ್ನ ಉಪಾಯ ಇಷ್ಟೇ. ಭವ್ಯ ತೆಗೆದು ಆ ಜಾಗಕ್ಕೆ "ಅದ್ದೂರಿ" ಹಾಕಿ ನೋಡಿ. ಕೂತರೆ ಗ್ರ್ಯಾಂಡ್. ಕೂರದಿದ್ದರೆ "ಗಂಭೀರ" ಹಾಕಿ. ಅದು ಕೂತರೆ ಮೆಜೆಸ್ಟಿಕ್.

ಅದ್ದೂರಿ ಮದುವೆ ಅನ್ನುತ್ತೇವೆ. ಗಂಭೀರ ಮದುವೆ ಅಂದರೆ ಗಂಡು ಹೆಣ್ಣು ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದಾರೆ ಅಂತಾಯಿತು. ಹಾಗಾಗಿ ಮದುವೆಗೆ ಗ್ರ್ಯಾಂಡ್. ಗಂಭೀರವಾಗಿ ನಿಂತ ಆನೆ ಅನ್ನುತ್ತೇವೆ. ಅದ್ದೂರಿ ಆನೆ ಅನ್ನುವುದಿಲ್ಲ. ಆನೆಗೆ ಮೆಜೆಸ್ಟಿಕ್. ಅದ್ದೂರಿ ಸ್ವಾಗತ ಸರಿ, ಗಂಭೀರ ಸ್ವಾಗತ ಅಂದರೆ ಬಂದವರು ಹೆದರಿಕೊಳ್ಳುತ್ತಾರೆ. ಅದ್ದೂರಿ ಬೆಟ್ಟ ಇಲ್ಲವೇ ಇಲ್ಲ.

ಅದ್ದೂರಿ ಅನ್ನುವುದರಲ್ಲಿ ಖರ್ಚು ಇದೆ, ಜನ ಇದ್ದಾರೆ, ಯಾರೋ ಮುಂದೆ ನಿಂತು ಮಾಡಿಸಿದ್ದಾರೆ. ಗಂಭೀರ ಅನ್ನುವುದು ಒಳಗಿನಿಂದಲೇ ಬಂದದ್ದು. ಶಾಮಿಯಾನ ಹಾಕಿ ತರಲು ಆಗುವುದಿಲ್ಲ. ಎರಡು ಇಂಗ್ಲಿಷ್ ಪದಗಳ ನಡುವಿನ ಗೆರೆಯೂ ಹೆಚ್ಚೂಕಡಿಮೆ ಇಲ್ಲೇ ಇದೆ.

ಒಂದು ಎಚ್ಚರಿಕೆ. ಗಂಭೀರ ಅನ್ನುವುದಕ್ಕೆ ಸೀರಿಯಸ್ ಅನ್ನುವ ಇನ್ನೊಂದು ಅರ್ಥ ಇದೆ. ಆಸ್ಪತ್ರೆಯಲ್ಲಿ ಇರುವವರ ಸ್ಥಿತಿ ಗಂಭೀರ ಅಂದರೆ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅಷ್ಟು ಮಟ್ಟಿಗೆ ಬುದ್ಧಿ ಓಡಿಸಬೇಕು.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗಲೂ ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ಬೆಟ್ಟ, ದೇವಸ್ಥಾನ ಆದರೆ ಭವ್ಯ ಸರಿ. ಹುಲಿ, ಸಿಂಹ, ಸಲಗ ಆದರೆ ರಾಜಗಾಂಭೀರ್ಯ ಚೆನ್ನ. ನಡಿಗೆಗೆ ಮತ್ತು ನಿಲುವಿಗೆ ನನಗೆ ತುಂಬಾ ಇಷ್ಟವಾದ ಪದ "ಠೀವಿ". "ಮೆಜೆಸ್ಟಿಕಲಿ" ಅನ್ನುವುದನ್ನು "ಭವ್ಯವಾಗಿ" ಅಂತ ಅನುವಾದ ಮಾಡಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. "ಹುಲಿ ಭವ್ಯವಾಗಿ ನಡೆಯಿತು" ಅಂದರೆ ಯಾಕೋ ಹುಲಿಗೆ ಹಾರ ಹಾಕಿದ್ದಾರೆ ಅನ್ನಿಸುತ್ತದೆ. "ಹುಲಿ ಠೀವಿಯಿಂದ ನಡೆಯಿತು" ಅನ್ನಿ. ಅಲ್ಲಿಗೆ ಮುಗಿಯಿತು.

ಹೆಜ್ಜೆ 5: ಅಕ್ಕಪಕ್ಕದವರನ್ನು ಪರಿಚಯ ಮಾಡಿಕೊಳ್ಳಿ

ಎಲ್ಲರನ್ನೂ ಕರೆಯುವುದು ಬೇಡ, ಮುಖ್ಯವಾದವರು ಸಾಕು.

ಮ್ಯಾಗ್ನಿಫಿಸೆಂಟ್ ಮೆಚ್ಚುಗೆಯ ಪದ. ನೋಡಿದವರು "ಆಹಾ" ಅನ್ನುವಂಥದ್ದು. ಮೆಜೆಸ್ಟಿಕ್‌ಗಿಂತ ಸಡಿಲ, ಜಾಸ್ತಿ ಕಡೆ ಹೊಂದುತ್ತದೆ. ಊಟ ಮ್ಯಾಗ್ನಿಫಿಸೆಂಟ್ ಆಗಿರಬಹುದು, ಒಬ್ಬರ ಸಾಧನೆ ಕೂಡ ಹಾಗೇ. ಹೋಳಿಗೆ ಎಷ್ಟೇ ಚೆನ್ನಾಗಿದ್ದರೂ ಮೆಜೆಸ್ಟಿಕ್ ಆಗಲಾರದು. ಸಂಶಯ ಬಂದಾಗ ಮ್ಯಾಗ್ನಿಫಿಸೆಂಟ್ ಹಾಕಿ, ತಪ್ಪಾಗುವುದು ಕಡಿಮೆ.

ಸ್ಪ್ಲೆಂಡಿಡ್ ಅನ್ನುವುದರ ಬೇರಿನಲ್ಲಿ ಹೊಳಪು ಇದೆ. ಲ್ಯಾಟಿನ್ನಿನಲ್ಲಿ ಹೊಳೆಯುವುದು ಅನ್ನುವ ಕ್ರಿಯಾಪದದಿಂದ ಬಂದದ್ದು. ಮೈಸೂರು ಅರಮನೆಯನ್ನೇ ತೆಗೆದುಕೊಳ್ಳಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಅನ್ನುವ ವಾಸ್ತುಶಿಲ್ಪಿ ಈಗಿನದನ್ನು ರೂಪಿಸಿದರು. 1912ರಲ್ಲಿ ಕಟ್ಟಿ ಮುಗಿಯಿತು. ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಅದು ಸ್ಪ್ಲೆಂಡಿಡ್. ಅದೇ ಅರಮನೆ ಬೆಳಗಿನ ಮಂಜಿನಲ್ಲಿ, ಜನ ಬರುವ ಮುಂಚೆ, ಸುಮ್ನೆ ನಿಂತಿರುವಾಗ ಮೆಜೆಸ್ಟಿಕ್. ಇದು ನನ್ನ ಅಭಿಪ್ರಾಯ, ಮೈಸೂರಿನವರು ಜಗಳಕ್ಕೆ ಬರಬಹುದು.

ಇಂಪೋಸಿಂಗ್ ಅಂದರೆ ದೊಡ್ಡದು, ಎದುರಿಗೆ ನಿಂತವರನ್ನು ಸ್ವಲ್ಪ ಕುಗ್ಗಿಸುವಂಥದ್ದು. ವಿಜಯಪುರದ ಗೋಳಗುಮ್ಮಟಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್, ಕೆಳಗೆ ನಡುವೆ ಒಂದೂ ಕಂಬ ಇಲ್ಲ. ಹೊರಗಡೆ ನಿಂತಾಗ ಇಂಪೋಸಿಂಗ್ ಅನ್ನಿಸಿತು. ಒಳಗೆ ಹೋಗಿ ತಲೆ ಎತ್ತಿದಾಗ ಮೆಜೆಸ್ಟಿಕ್ ಅನ್ನಿಸಿತು. ಯಾರೋ ಪಿಸುಗುಟ್ಟು ಗೋಡೆಯ ಹತ್ತಿರ "ಏ ಮಂಜಾ" ಅಂತ ಕಿರುಚಿದಾಗ ಎರಡೂ ಹೋಯಿತು.

ಗ್ರ್ಯಾಂಡಿಯೋಸ್ ಬಗ್ಗೆ ಹುಷಾರು. ಗ್ರ್ಯಾಂಡ್‌ನ ದೊಡ್ಡಣ್ಣ ಅಂದುಕೊಂಡು ಹೊಗಳಿಕೆಗೆ ಬಳಸುವವರು ಇದ್ದಾರೆ. ಅದು ಸಾಮಾನ್ಯವಾಗಿ ಬೈಗುಳ. ಹೊರಗೆ ಆಡಂಬರ, ಒಳಗೆ ಏನೂ ಇಲ್ಲ ಅನ್ನುವ ಅರ್ಥ. ಮಂತ್ರಿಗಳ ಯೋಜನೆಯನ್ನು ಗ್ರ್ಯಾಂಡಿಯೋಸ್ ಅಂದರೆ ಅವರು ಖುಷಿಪಡಬಾರದು.

ರೀಗಲ್, ರಾಯಲ್ ಎರಡೂ ರಾಜಮನೆತನದವೇ. ರಾಯಲ್ ಅಂದರೆ ರಾಜರಿಗೆ ಸೇರಿದ್ದು, ರೀಗಲ್ ಅಂದರೆ ರಾಜರಂತೆ ಕಾಣುವುದು. ಸೀರೆ ಉಟ್ಟು ತಲೆ ಎತ್ತಿ ನಡೆದು ಬರುವ ಅಜ್ಜಿಗೆ ರೀಗಲ್ ಅನ್ನಿ. ಅಜ್ಜಿಗೆ ಮೆಜೆಸ್ಟಿಕ್ ಅಂದರೆ ಸ್ವಲ್ಪ ದಪ್ಪ ಅಂದಂತೆಯೂ ಕೇಳಿಸೀತು.

ಟೈಟಾನಿಕ್ ಅನ್ನುವುದೂ ಒಂದು ವಿಶೇಷಣ ಅಂತ ಎಷ್ಟು ಜನಕ್ಕೆ ಗೊತ್ತು? ಗ್ರೀಕ್ ಪುರಾಣದ ಟೈಟಾನ್ ಅನ್ನುವ ದೈತ್ಯರಿಂದ ಬಂದದ್ದು, ದೈತ್ಯಗಾತ್ರದ್ದು ಅನ್ನುವ ಅರ್ಥ. ವೈಟ್ ಸ್ಟಾರ್ ಲೈನ್ ಅನ್ನುವ ಬ್ರಿಟಿಷ್ ಹಡಗು ಕಂಪನಿಗೆ ತನ್ನ ಹಡಗುಗಳ ಹೆಸರನ್ನು "ಇಕ್" ಅಂತ ಮುಗಿಸುವ ಚಾಳಿ ಇತ್ತು. ಒಲಿಂಪಿಕ್, ಟೈಟಾನಿಕ್, ಬ್ರಿಟಾನಿಕ್. ಅವರದ್ದೇ ಮೆಜೆಸ್ಟಿಕ್ ಅನ್ನುವ ಹಡಗೂ ಇತ್ತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಕ್ಯಾಪ್ಟನ್ ಆಗಿದ್ದ ಎಡ್ವರ್ಡ್ ಸ್ಮಿತ್ ಅದಕ್ಕೂ ಮುಂಚೆ ಹಲವು ವರ್ಷ ಮೆಜೆಸ್ಟಿಕ್ ಹಡಗನ್ನು ನಡೆಸಿದ್ದರು.

ಹೆಜ್ಜೆ 6: ವಾಕ್ಯದಲ್ಲಿ ಕೂರಿಸಿ

ವ್ಯಾಕರಣ ಇಲ್ಲಿ ಜಾಸ್ತಿ ಇಲ್ಲ. ನಾಮಪದದ ಮುಂದೆ ಬರಬಹುದು: "ಎ ಮೆಜೆಸ್ಟಿಕ್ ಟಸ್ಕರ್ ಕ್ರಾಸ್ಡ್ ದ ರೋಡ್", ಅಂದರೆ ಗಂಭೀರವಾದ ಸಲಗವೊಂದು ರಸ್ತೆ ದಾಟಿತು. ವಾಕ್ಯದ ಕೊನೆಗೂ ಬರಬಹುದು: "ದ ಟಸ್ಕರ್ ವಾಸ್ ಮೆಜೆಸ್ಟಿಕ್". ಹೋಲಿಸುವಾಗ "ಮೋರ್ ಮೆಜೆಸ್ಟಿಕ್", "ಮೋಸ್ಟ್ ಮೆಜೆಸ್ಟಿಕ್" ಅನ್ನಬೇಕು. "ಮೆಜೆಸ್ಟಿಕರ್" ಅನ್ನುವ ಪದ ಇಲ್ಲ. "ವೆರಿ ಮೆಜೆಸ್ಟಿಕ್" ತಪ್ಪಲ್ಲ, ಆದರೆ ವೆರಿ ಸೇರಿಸಿದಷ್ಟೂ ಪದ ತೆಳುವಾಗುತ್ತದೆ. ಬಿಟ್ಟುಬಿಡಿ.

ಜೊತೆಗೆ ಬೇರೆ ವಿಶೇಷಣ ಇದ್ದರೆ ಮೆಜೆಸ್ಟಿಕ್ ಮುಂದೆ ಬರಬೇಕು. ಇಂಗ್ಲಿಷಿನಲ್ಲಿ ನಮ್ಮ ಅಭಿಪ್ರಾಯ ಹೇಳುವ ಪದ ಮೊದಲು, ವಯಸ್ಸು ಬಣ್ಣ ಇತ್ಯಾದಿ ಆಮೇಲೆ. ಬೆಂಗಳೂರಿನ ಹೊರಗೆ ರಾಮೋಹಳ್ಳಿಯ ಹತ್ತಿರ ದೊಡ್ಡ ಆಲದ ಮರ ಇದೆಯಲ್ಲ, ಸುಮಾರು ಮೂರು ಎಕರೆ ಹರಡಿಕೊಂಡಿರುವುದು, ಅದನ್ನು "ಎ ಮೆಜೆಸ್ಟಿಕ್ ಓಲ್ಡ್ ಬ್ಯಾನಿಯನ್ ಟ್ರೀ" ಅನ್ನಬೇಕು. "ಓಲ್ಡ್ ಮೆಜೆಸ್ಟಿಕ್" ಅಂದರೆ ಇಂಗ್ಲಿಷ್ ಕಿವಿಗೆ ಕಲ್ಲು ಸಿಕ್ಕಿದಂತೆ. ಬೆಂಗಳೂರಿನವರ ಕಿವಿಗೆ ಹಳೇ ಬಸ್ ಸ್ಟ್ಯಾಂಡ್.

ಕ್ರಿಯಾವಿಶೇಷಣ ಮಾಡುವಾಗ ಕಾಗುಣಿತದಲ್ಲಿ ಒಂದು "ಅಲ್" ಸೇರುತ್ತದೆ, ಬಾಯಲ್ಲಿ ಅದನ್ನು ನುಂಗುತ್ತಾರೆ: ಮಜೆಸ್ಟಿಕ್ಲಿ. ಇದರ ಜೊತೆ ಬರುವ ಕ್ರಿಯೆಗಳು ಕಡಿಮೆ. ಏಳುವುದು, ನಿಲ್ಲುವುದು, ತೇಲುವುದು, ನಡೆಯುವುದು, ಹದ್ದಿನಂತೆ ರೆಕ್ಕೆ ಬಡಿಯದೆ ಹಾರುವುದು. ಎಲ್ಲವೂ ನಿಧಾನದವು, ಗಮನಿಸಿದಿರಾ? ಯಾರೂ ಮೆಜೆಸ್ಟಿಕಲಿ ಓಡಿ ಬಸ್ ಹತ್ತುವುದಿಲ್ಲ.

ಕಣ್ಣಿಗೆ ಕಾಣದ್ದಕ್ಕೂ ಬಳಸಬಹುದು. ಸಂಗೀತಕ್ಕೆ ತುಂಬಾ ಹೊಂದುತ್ತದೆ. ಗದಗ ಜಿಲ್ಲೆಯಲ್ಲಿ ಹುಟ್ಟಿದ ಭೀಮಸೇನ ಜೋಶಿ ಅವರ ಗಾಯನ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವಾಗ ಮೆಜೆಸ್ಟಿಕ್. ಆಮೇಲೆ ಸಿಡಿಲಿನಂತೆ ತಾನ್ ಬಿಡುವಾಗ ಅದು ಡ್ಯಾಜ್ಲಿಂಗ್, ಕಣ್ಣು ಕೋರೈಸುವಂಥದ್ದು. ಗಂಗೂಬಾಯಿ ಹಾನಗಲ್ ಅವರ ಆ ಭಾರವಾದ ದನಿಗೆ ಮೆಜೆಸ್ಟಿಕ್ ಬಿಟ್ಟು ಬೇರೆ ಪದ ನನಗೆ ತೋಚುವುದಿಲ್ಲ.

ಕ್ರಿಕೆಟ್ ಕಾಮೆಂಟರಿಯಲ್ಲೂ ಕೇಳುತ್ತೀರಿ. ಹೆಚ್ಚು ಕಷ್ಟಪಡದೆ, ನಿಂತಲ್ಲೇ ನಿಂತು, ಬೌಲರ್ ತಲೆಯ ಮೇಲೆ ಎತ್ತಿ ಹೊಡೆದ ಸಿಕ್ಸರ್ ಮೆಜೆಸ್ಟಿಕ್. ನಮ್ಮ ಗುಂಡಪ್ಪ ವಿಶ್ವನಾಥ್ ಮಣಿಕಟ್ಟು ತಿರುಗಿಸಿ ಆಡುತ್ತಿದ್ದ ಲೇಟ್ ಕಟ್ ಡೆಲಿಕೇಟ್, ನವಿರಾದದ್ದು. ಯಾವುದು ಹೆಚ್ಚು ಯಾವುದು ಕಡಿಮೆ ಅಂತ ಅಲ್ಲ. ಬಗೆ ಬೇರೆ.

ಹೆಜ್ಜೆ 7: ಎಲ್ಲಿ ಬಳಸಬಾರದು

ನನ್ನ ಅರ್ಜಿಯ ಕಥೆ ಆಗಲೇ ಹೇಳಿದೆ. ಪತ್ರ, ಅರ್ಜಿ, ಇಮೇಲ್ ಇವುಗಳಲ್ಲಿ ಈ ಪದಕ್ಕೆ ಕೆಲಸ ಇಲ್ಲ. ಮದುವೆ ಕಾರ್ಡಿನಲ್ಲಿ "ಮೆಜೆಸ್ಟಿಕ್ ರಿಸೆಪ್ಷನ್" ಅಂತ ಹಾಕಿಸಬೇಡಿ, ಜನ ಕಲ್ಯಾಣಮಂಟಪ ಬಿಟ್ಟು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಗಾಂಧಿನಗರಕ್ಕೆ ಹೋದಾರು. ಮೊಬೈಲು, ಕಿವಿಯೋಲೆ, ಬಿರಿಯಾನಿ ಇವಕ್ಕೆಲ್ಲ ಬೇಡ. ಒಂದೇ ಪ್ರಬಂಧದಲ್ಲಿ ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕಿ.

ತಮಾಷೆಗೆ ಮಾತ್ರ ಎಲ್ಲಿ ಬೇಕಾದರೂ ಬಳಸಬಹುದು. ಇಂಟರ್‌ನೆಟ್ಟಿನಲ್ಲಿ ಈಗ ಈ ಪದಕ್ಕೆ ಇದೂ ಒಂದು ಬಾಳು. ಸೋಫಾದಿಂದ ಜಾರಿ ಬೀಳುತ್ತಿರುವ ಬೆಕ್ಕಿನ ಫೋಟೋ ಹಾಕಿ ಕೆಳಗೆ "ಮೆಜೆಸ್ಟಿಕ್" ಅಂತ ಬರೆಯುತ್ತಾರೆ. ಠೀವಿ ಚೂರೂ ಇಲ್ಲದ ಕಡೆ ಆ ಪದ ಇಟ್ಟದ್ದೇ ನಗು. ಆದರೆ ಈ ತಮಾಷೆ ಹತ್ತಬೇಕಾದರೆ ಓದುವವರಿಗೆ ನಿಜವಾದ ಅರ್ಥ ಗೊತ್ತಿರಬೇಕು.

ಹೆಜ್ಜೆ 8: ಕೈ ಪಳಗಿಸಿ

ಉತ್ತರಕ್ಕೆ ಹೋಗುವ ಮುಂಚೆ ಒಂದು ಕ್ಷಣ ನೀವೇ ಯೋಚಿಸಿ.

ಬೇಲೂರಿನ ಶಿಲಾಬಾಲಿಕೆಯರು ಮೆಜೆಸ್ಟಿಕ್ಕಾ? ಅಲ್ಲ. ಬೆರಳಿನ ಉಂಗುರ, ಬಳೆ, ಜಡೆಯ ಎಳೆ ಕೂಡ ಕೆತ್ತಿರುವ ಆ ನಯಕ್ಕೆ ಎಕ್ಸ್‌ಕ್ವಿಸಿಟ್ ಅನ್ನಬೇಕು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡುವಂಥದ್ದು ಅದು. ಮೆಜೆಸ್ಟಿಕ್ ಆದದ್ದನ್ನು ನೋಡಲು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ.

ಶ್ರವಣಬೆಳಗೊಳದ ಗೊಮ್ಮಟ? ಪ್ರಶ್ನೆಯೇ ಇಲ್ಲ. ಸುಮಾರು 57 ಅಡಿ, ಒಂದೇ ಕಲ್ಲು, ಸಾವಿರ ವರ್ಷದಿಂದ ಅದೇ ಅರೆನಗು. ಆದರೆ 12 ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕ ಗ್ರ್ಯಾಂಡ್. ಅದ್ದೂರಿ ಹಾಕಿ ನೋಡಿ, ಕೂರುತ್ತದೆ.

ಮೇಷ್ಟ್ರ ಬೀಳ್ಕೊಡುಗೆ? ಗ್ರ್ಯಾಂಡ್ ಫೇರ್‌ವೆಲ್. ಮೇಷ್ಟ್ರು ತುಂಬಾ ಗಂಭೀರವಾಗಿ ಇದ್ದರೂ ಅಷ್ಟೇ.

ವಿಧಾನಸೌಧ? ಇದಕ್ಕೆ ಸ್ಟೇಟ್ಲಿ ಅನ್ನುವ ಪದ ಚೆನ್ನ, ಘನತೆಯಿಂದ ನಿಂತ ಕಟ್ಟಡ ಅನ್ನುವ ಅರ್ಥದಲ್ಲಿ. ಮೆಜೆಸ್ಟಿಕ್ ಅಂದರೂ ನಾನು ಮಾರ್ಕ್ಸ್ ಕಡಿಯುವುದಿಲ್ಲ. 1956ರಲ್ಲಿ ಕಟ್ಟಿ ಮುಗಿಸಿದವರ ಉದ್ದೇಶವೂ ಅದೇ ಇತ್ತು ಅಂತ ಕಾಣುತ್ತದೆ. ಕಟ್ಟಡದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ, ಒಳಗಿನ ಕಲಾಪದ ಬಗ್ಗೆ ಅಲ್ಲ.

ಕೊನೆಯದು, ಅಕ್ಕನ ಮಗಳು ಕೇಳಿದ ಪ್ರಶ್ನೆ. ಹಾಗಾದರೆ ಬಸ್ ಸ್ಟ್ಯಾಂಡಿಗೆ ಯಾಕೆ ಆ ಹೆಸರು? ಅಲ್ಲಿ ಮೊದಲು ಮೆಜೆಸ್ಟಿಕ್ ಅನ್ನುವ ಸಿನಿಮಾ ಥಿಯೇಟರ್ ಇತ್ತು. ಆ ಕಾಲದಲ್ಲಿ ಥಿಯೇಟರ್‌ಗಳಿಗೆ, ಹೋಟೆಲುಗಳಿಗೆ ರೀಗಲ್, ಇಂಪೀರಿಯಲ್, ಮೆಜೆಸ್ಟಿಕ್ ಅಂತ ರಾಜಠೀವಿಯ ಹೆಸರು ಇಡುವುದು ಲಂಡನ್ನಿನಿಂದ ಹಿಡಿದು ಎಲ್ಲ ಕಡೆ ಫ್ಯಾಷನ್ನು. ಥಿಯೇಟರಿನ ಹೆಸರು ಸುತ್ತಲಿನ ಪ್ರದೇಶಕ್ಕೆ ಅಂಟಿತು. ಆಮೇಲೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣ ಬಂತು, ಅದಕ್ಕೂ ಅಂಟಿತು. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಎದುರಿನ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ, ಕಂಡಕ್ಟರ್ ಮಾತ್ರ ಇವತ್ತಿಗೂ ಥಿಯೇಟರಿನ ಹೆಸರನ್ನೇ ಕೂಗುತ್ತಾನೆ. ಆ ಥಿಯೇಟರ್ ಈಗ ಇಲ್ಲ.

ಇಂಗ್ಲಿಷಿನಲ್ಲಿ ಬರೆಯುವಾಗ ಆ ಜಾಗದ ಹೆಸರಿಗೆ ದೊಡ್ಡ ಎಂ ಹಾಕಿ, ಹಿಂದೆ "ಎ" ಬೇಡ, "ದ" ಬೇಡ: "ಐ ಗಾಟ್ ಡೌನ್ ಅಟ್ ಮೆಜೆಸ್ಟಿಕ್". ವಿಶೇಷಣಕ್ಕಾದರೆ ಚಿಕ್ಕ ಎಂ. ಇದನ್ನೆಲ್ಲ ಅವಳಿಗೆ ಹೇಳಿ ಒಂದು ವಾಕ್ಯ ಬರಿ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಬರೆದಳು: "ಮೆಜೆಸ್ಟಿಕ್ ಈಸ್ ನಾಟ್ ಮೆಜೆಸ್ಟಿಕ್". ಮೊದಲನೆಯದಕ್ಕೆ ದೊಡ್ಡ ಎಂ, ಎರಡನೆಯದಕ್ಕೆ ಚಿಕ್ಕದು. ಹತ್ತಕ್ಕೆ ಹತ್ತು ಕೊಟ್ಟೆ.